ಭಿನ್ನರಾಶಿ ಇರುವ ಅಸಮಾನತೆ ಲೆಕ್ಕ: ಮಗಳ ಉತ್ತರ ಬೇರೆ, ನನ್ನದು ಬೇರೆ, ಪುಸ್ತಕದ್ದು ಬೇರೆ

ಕಟಪಾಡಿ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಹತ್ತನೇವರೆಗೆ ಕನ್ನಡ ಮೀಡಿಯಂ, ಈಗ ಉಡುಪಿಯಲ್ಲಿ ಫಸ್ಟ್ ಪಿಯುಸಿ ಸೈನ್ಸ್. ಲೀನಿಯರ್ ಇನ್‌ಈಕ್ವಾಲಿಟೀಸ್ ಪಾಠ ನಡೀತಾ ಉಂಟು. ಸಾದಾ ಲೆಕ್ಕ ಮಾಡ್ತಾಳೆ, ಭಿನ್ನರಾಶಿ ಬಂದ ಕೂಡ್ಲೇ ಕೈ ನಿಲ್ತದೆ. ನಿನ್ನೆ ರಾತ್ರಿ ಹತ್ತೂವರೆವರೆಗೆ ಒಂದೇ ಲೆಕ್ಕದಲ್ಲಿ ಕೂತು ಕೊನೆಗೆ ಅತ್ತೇ ಬಿಟ್ಲು, ನಂಗೂ ನೋಡ್ಲಿಕ್ಕೆ ಆಗ್ಲಿಲ್ಲ. ನನ್ನ ಫೋನಲ್ಲಿ ಕನ್ನಡ ಕೀಬೋರ್ಡೇ ಇರುದು, ಹಾಗಾಗಿ ಎಕ್ಸ್ ಬದಲು ಕ್ಷ ಅಂತ ಬರೀತೇನೆ.

(ಕ್ಷ − 3)/4 − (2ಕ್ಷ + 1)/6 ≤ 1/3

ಅವಳು ಮಾಡಿದ್ದು ಹೀಗೆ. ಲಸಾಅ (ಕೆಳಗಿನ ಎಲ್ಲ ಸಂಖ್ಯೆಯಿಂದಲೂ ಭಾಗ ಹೋಗುವ ಅತಿ ಸಣ್ಣ ಸಂಖ್ಯೆ) 12, ಎಲ್ಲದಕ್ಕೂ 12 ಗುಣಿಸಿದ್ಲು.
3ಕ್ಷ − 9 − 4ಕ್ಷ + 2 ≤ 4
−ಕ್ಷ − 7 ≤ 4
−ಕ್ಷ ≤ 11
ಕ್ಷ ≤ −11

ಮೈನಸ್ ತೆಗೆಯುವಾಗ ಚಿಹ್ನೆ ತಿರುಗಿಸ್ಬೇಕು ಅಂತ ನಂಗೆ ನೆನಪುಂಟು, ಹಾಗೆ ನಾನು ಕ್ಷ ≥ −11 ಅಂತ ಮಾಡಿದೆ. ಪುಸ್ತಕದ ಹಿಂದೆ ನೋಡಿದ್ರೆ ಕ್ಷ ≥ −15. ಆ 4 ಎಲ್ಲಿಗೆ ಹೋಯ್ತು? ನಾನು ಸೊಸೈಟಿಯ ಕೌಂಟರಲ್ಲಿ ದಿನಾ ಕೂಡಿಸಿ ಕಳೆಯುವವಳು, ಆದ್ರೆ ಈ ಲೆಕ್ಕ ಬಿಟ್ಟು 20 ವರ್ಷ ಆಯ್ತು. ದಯವಿಟ್ಟು ಬರೀ ಸ್ಟೆಪ್ ಕೊಡ್ಬೇಡಿ, ಎಂತಕ್ಕೆ ಹಾಗೆ ಅಂತಲೂ ಹೇಳಿ. ಅವಳು ಕೇಳುದು ಅದನ್ನೇ.

ಸುರತ್ಕಲ್ ಇಂಜಿನಿಯರಿಂಗ್

ಅಕ್ಕ, ತಪ್ಪು ಮೊದಲನೇ ಸಾಲಲ್ಲೇ ಉಂಟು. 12 ಗುಣಿಸಿದಾಗ ಎರಡನೇದು −2(2ಕ್ಷ + 1) ಆಗ್ತದೆ. ಆ −2 ಒಳಗಿನ ಎರಡಕ್ಕೂ ಹೋಗ್ಬೇಕು, ಅಂದ್ರೆ −4ಕ್ಷ − 2. ಅವಳು +2 ಬರೆದಿದ್ದಾಳೆ. ಸರಿ ಮಾಡಿದ್ರೆ:

3ಕ್ಷ − 9 − 4ಕ್ಷ − 2 ≤ 4
−ಕ್ಷ − 11 ≤ 4
−ಕ್ಷ ≤ 15
ಕ್ಷ ≥ −15

−2 ಬದಲು +2 ಆದ್ರೆ ಎಷ್ಟು ವ್ಯತ್ಯಾಸ? 4. ಅದೇ ನಿಮ್ಮ ಕಾಣೆಯಾದ 4. ತಿರುಗಿಸುದು ನೀವು ಹೇಳಿದ್ದೇ ಸರಿ.

ಬ್ರಹ್ಮಾವರ ಮಾಸ್ಟ್ರು

ಉತ್ತರ ತಮ್ಮ ಹೇಳಿ ಆಯ್ತು. ಆದ್ರೆ ಆ ಹುಡುಗಿ ಎಂತಕ್ಕೆ +2 ಬರೆದ್ಲು ಅಂತ ಸ್ವಲ್ಪ ಹೇಳ್ಲೇಬೇಕು, ಯಾಕಂದ್ರೆ ನಾನು ಹೈಸ್ಕೂಲಲ್ಲಿ ಗಣಿತ ಮಾಡಿದ ಅಷ್ಟೂ ವರ್ಷ ಪೇಪರ್ ತಿದ್ದುವಾಗ ಅತಿ ಹೆಚ್ಚು ಕಂಡದ್ದು ಇದೇ ತಪ್ಪು.

ಭಿನ್ನರಾಶಿಯ ಗೆರೆ ಉಂಟಲ್ಲ ಅಮ್ಮ, ಅದು ಬರೀ ಗೆರೆ ಅಲ್ಲ, ಅದೇ ಒಂದು ಬ್ರಾಕೆಟ್. ಪುಸ್ತಕದಲ್ಲಿ ಅಂಶವನ್ನು ಗೆರೆಯ ಮೇಲೆ, ಛೇದವನ್ನು ಕೆಳಗೆ ಪ್ರಿಂಟ್ ಮಾಡ್ತಾರೆ, 2ಕ್ಷ + 1 ಸುತ್ತ ಬ್ರಾಕೆಟ್ ಹಾಕುದಿಲ್ಲ, ಗೆರೆಯೇ ಎರಡನ್ನೂ ಒಟ್ಟಿಗೆ ಹಿಡ್ಕೊಂಡಿರ್ತದೆ. ಛೇದ ಹೋಗಿಸಿದ ಕೂಡ್ಲೇ ಗೆರೆ ಹೋಯ್ತು, ಅದ್ರ ಒಟ್ಟಿಗೆ ಕಣ್ಣಿಗೆ ಕಾಣದ ಆ ಬ್ರಾಕೆಟೂ ಹೋಯ್ತು, ಮಗುವಿಗೆ ಮೈನಸ್ ಮೊದಲನೇ ಪದದ್ದು ಮಾತ್ರ ಅಂತ ಕಾಣ್ತದೆ. ಹಾಗಾಗಿ ಅವಳಿಗೆ ಹೇಳಿ: 12 ಗುಣಿಸುವ ಮೊದಲೇ ಪೆನ್ಸಿಲಲ್ಲಿ ಪ್ರತಿ ಅಂಶಕ್ಕೂ ಬ್ರಾಕೆಟ್ ಹಾಕ್ಬೇಕು, ಒಂದೇ ಪದ ಇದ್ರೂ ಹಾಕ್ಬೇಕು. ಬ್ರಾಕೆಟ್ ಬಿಡಿಸುದು ಬೇರೆ ಸಾಲಲ್ಲಿ. ಒಂದು ಸಾಲು ಹೆಚ್ಚು ಬರೆದ್ರೆ ಯಾರೂ ಮಾರ್ಕ್ ಕಟ್ ಮಾಡುದಿಲ್ಲ.

ಇನ್ನು ಲಸಾಅ. 12ರ ಬದಲು 4 × 6 = 24 ತಗೊಂಡ್ರೂ ತಪ್ಪಿಲ್ಲ. 6(ಕ್ಷ − 3) − 4(2ಕ್ಷ + 1) ≤ 8 ಬರ್ತದೆ, ಬಿಡಿಸಿದ್ರೆ −2ಕ್ಷ ≤ 30, ಮತ್ತೆ ಅದೇ ಕ್ಷ ≥ −15. ಸಂಖ್ಯೆ ದೊಡ್ಡದಾಗ್ತದೆ ಅಷ್ಟೆ. ಭಿನ್ನರಾಶಿಯ ಕೆಲಸ ಸಣ್ಣದು ಮಾಡ್ಲಿಕ್ಕೆ ಲಸಾಅ ತಗೊಳ್ಳಿ ಅಂತ ಸ್ಪಷ್ಟವಾಗಿ ಹೇಳಿದವ 9ನೇ ಶತಮಾನದ ಮಹಾವೀರಾಚಾರ್ಯ, ಅದಕ್ಕೆ ಅವ ಇಟ್ಟ ಹೆಸರು ನಿರುದ್ಧ. ನಮ್ಮ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದವ. ಮಗಳಿಗೆ ಇದನ್ನೂ ಹೇಳಿ, ಈ ಲೆಕ್ಕ ಹೊರಗಿಂದ ಬಂದದ್ದು ಅಂತ ಅವಳಿಗೆ ಅನ್ನಿಸುದು ಬೇಡ.

ಕಟಪಾಡಿ ಅಮ್ಮ

ಮಾಸ್ಟ್ರೆ, ಗೆರೆಯೇ ಬ್ರಾಕೆಟ್ ಅಂತ ನಂಗೆ ಯಾರೂ ಹೇಳಿರ್ಲಿಲ್ಲ. ಮಗಳಿಗೆ ಓದಿ ಹೇಳಿದೆ, ಪುಸ್ತಕ ತೆಗೆದು ಎಲ್ಲದಕ್ಕೂ ಪೆನ್ಸಿಲಲ್ಲಿ ಹಾಕ್ತಾ ಕೂತಿದ್ದಾಳೆ.

ಅವಳ ಪ್ರಶ್ನೆ ಒಂದುಂಟು. ಎರಡನೇ ಭಿನ್ನರಾಶಿಯ ಎದುರು ಮೈನಸ್ ಇದ್ದಾಗ 12 ಗುಣಿಸಿದ್ವಿ, ಆಗ ಚಿಹ್ನೆ ತಿರುಗ್ಲಿಲ್ಲ. ಕೊನೆಗೆ −ಕ್ಷ ಇದ್ದಾಗ ತಿರುಗಿತು. ಎರಡು ಕಡೆಯೂ ಮೈನಸ್ ಉಂಟಲ್ಲ, ಮತ್ತೆ ಒಂದು ಕಡೆ ಮಾತ್ರ ಎಂತಕ್ಕೆ?

ಮಲ್ಪೆ ಕೋಲ್ಡ್ ಸ್ಟೋರೇಜ್

ಈ ಪ್ರಶ್ನೆಗೆ ನಾನು ಉತ್ತರ ಕೊಡ್ತೇನೆ, ಯಾಕಂದ್ರೆ ನಮ್ಮಲ್ಲಿ ಇದರಿಂದ ಒಂದು ಸಲ ದೊಡ್ಡ ಎಡವಟ್ಟು ಆಗ್ಲಿಕ್ಕೆ ಇತ್ತು.

ಫ್ರೋಜನ್ ಮೀನು ಇಡುವ ರೂಮು −18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ ಇರ್ಬೇಕು. ನಾನು ಮೊದಲು ಇದ್ದ ಕಡೆ ಒಂದು ಹಳೆ ಮೀಟರ್ ಫ್ಯಾರನ್‌ಹೀಟಲ್ಲಿ ತೋರಿಸ್ತಿತ್ತು. ಹೊಸದಾಗಿ ಸೇರಿದ ಹುಡುಗನತ್ರ ಫ್ಯಾರನ್‌ಹೀಟಲ್ಲಿ ಎಷ್ಟು ಇರ್ಬೇಕು ಅಂತ ಲೆಕ್ಕ ಮಾಡಿ ಬಾಗಿಲಿಗೆ ಅಂಟಿಸು ಅಂತ ಹೇಳಿದ್ವಿ. ಲೆಕ್ಕ ಇದು:

5(ಫ − 32)/9 ≤ −18

9 ಗುಣಿಸಿದ್ರೆ 5(ಫ − 32) ≤ −162. 5ರಿಂದ ಭಾಗಿಸಿದ್ರೆ ಫ − 32 ≤ −32.4. 32 ಕೂಡಿಸಿದ್ರೆ ಫ ≤ −0.4.

ಅವ ಬಲಗಡೆ ಮೈನಸ್ ಕಂಡ ಕೂಡ್ಲೇ ತಿರುಗಿಸಿ ಬಿಟ್ಟಿದ್ದ. ಫ ≥ −0.4 ಅಂತ ಚೀಟಿ ಬರೆದು ಅಂಟು ಹಚ್ಚುವಷ್ಟರಲ್ಲಿ ಇನ್ನೊಬ್ಬರು ನೋಡಿದ್ರು. ಆ ಚೀಟಿ ಪ್ರಕಾರ 50 ಡಿಗ್ರಿ ಫ್ಯಾರನ್‌ಹೀಟ್ ಇದ್ರೂ ಸರಿ ಅಂತ ಆಗ್ತದೆ, ಅಂದ್ರೆ 10 ಸೆಲ್ಸಿಯಸ್, ಅಷ್ಟರಲ್ಲಿ ಬಂಗುಡೆ ಎಲ್ಲ ಕರಗಿ ನೀರು ಇಳೀತದೆ.

ಇದರಲ್ಲಿ ನಾವು ಗುಣಿಸಿದ್ದು 9ರಿಂದ, ಭಾಗಿಸಿದ್ದು 5ರಿಂದ, ಎರಡೂ ಪ್ಲಸ್. ಲೆಕ್ಕದ ಒಳಗೆ ಎಲ್ಲಿ ಎಷ್ಟು ಮೈನಸ್ ಬೇಕಾದ್ರೂ ಇರ್ಲಿ, ಎರಡೂ ಬದಿಗೆ ನಾವು ಎಂತದ್ರಿಂದ ಗುಣಿಸಿದ್ವಿ ಅಥವಾ ಭಾಗಿಸಿದ್ವಿ, ಅದು ಮೈನಸ್ಸಾ ಅಂತ ಮಾತ್ರ ನೋಡುದು. ನಿಮ್ಮ ಮಗಳ ಲೆಕ್ಕದಲ್ಲೂ ಹಾಗೇ, ಮೊದಲು ಗುಣಿಸಿದ್ದು ಪ್ಲಸ್ 12ರಿಂದ, ಕೊನೆಗೆ −ಕ್ಷವನ್ನು ಕ್ಷ ಮಾಡ್ಲಿಕ್ಕೆ ಗುಣಿಸಿದ್ದು −1ರಿಂದ. ಅಲ್ಲಿ ಮಾತ್ರ ತಿರುಗುದು.

ಬ್ರಹ್ಮಾವರ ಮಾಸ್ಟ್ರು

ಈ ಫ್ರೀಜರ್ ಲೆಕ್ಕ ನಾನು ಕ್ಲಾಸಲ್ಲಿ ಇದ್ದಾಗ ಗೊತ್ತಿದ್ರೆ ಬಹಳ ಉಪಯೋಗ ಆಗ್ತಿತ್ತು.

−1ರಿಂದ ಗುಣಿಸಿದ್ರೆ ಎಂತಕ್ಕೆ ತಿರುಗ್ತದೆ ಅಂತಲೂ ಹೇಳ್ತೇನೆ. ಅಮ್ಮ ಸೊಸೈಟಿಯಲ್ಲಿ ಇರುವವರು, ಸಾಲದ ಲೆಕ್ಕ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಒಬ್ಬನತ್ರ 2 ಸಾವಿರ ಉಂಟು, ಇನ್ನೊಬ್ಬನತ್ರ 5 ಸಾವಿರ, 5 ಇದ್ದವ ಮೇಲೆ. ಈಗ ಇಬ್ಬರದ್ದೂ ಹಣ ಹೋಗಿ ಅಷ್ಟಷ್ಟೇ ಸಾಲ ಆಯ್ತು ಅಂತ ಇಟ್ಕೊಳ್ಳಿ, 5 ಸಾವಿರ ಸಾಲ ಇದ್ದವ ಕೆಳಗೆ ಹೋದ. 2 < 5, ಆದ್ರೆ −2 > −5. 628ರಲ್ಲಿ ಬ್ರಹ್ಮಗುಪ್ತ ಪ್ಲಸ್ ಮೈನಸ್ ಸಂಖ್ಯೆಗಳಿಗೆ ನಿಯಮ ಬರೆದಾಗ ಧನ, ಋಣ ಅಂತಲೇ ಕರೆದ. ಕನ್ನಡದಲ್ಲಿ ಇವತ್ತಿಗೂ ಋಣ ಸಂಖ್ಯೆ ಅಂತೇವೆ.

ಕದ್ರಿ ಟ್ಯೂಷನ್ ಅಕ್ಕ

ನಾನು ಮನೆಯಲ್ಲಿ ಪಿಯುಸಿ ಮಕ್ಕಳಿಗೆ ಹೇಳಿ ಕೊಡುದು. ನನ್ನ ಪ್ರಕಾರ ತಿರುಗಿಸುವ ರೂಲ್ ಮಕ್ಕಳಿಗೆ ಹೇಳ್ಲೇಬಾರದು. ಕ್ಷ ಯಾವ ಬದಿಗೆ ಪ್ಲಸ್ ಆಗ್ತದೋ ಆ ಬದಿಗೆ ತಗೊಂಡು ಹೋಗ್ಬೇಕು, ಅಷ್ಟೆ. −ಕ್ಷ − 11 ≤ 4 ಬಂತಲ್ಲ, ಎರಡೂ ಬದಿಗೆ ಕ್ಷ ಕೂಡಿಸಿ, −11 ≤ 4 + ಕ್ಷ. 4 ಕಳೆಯಿರಿ, −15 ≤ ಕ್ಷ. ಮುಗೀತು, ಎಲ್ಲಿಯೂ ಎಂತದ್ದೂ ತಿರುಗ್ಲಿಲ್ಲ. ಎಂಟನೇ ಕ್ಲಾಸಲ್ಲಿ ಸಮೀಕರಣ ಕಲಿಯುವಾಗ ಆಚೆ ಬದಿಗೆ ಹೋದ್ರೆ ಚಿಹ್ನೆ ಬದಲಾಗ್ತದೆ ಅಂತ ತಲೆಗೆ ತುಂಬಿಸಿರ್ತಾರೆ, ಇಲ್ಲಿ ಮೈನಸ್ ಗುಣಿಸಿದ್ರೆ ಚಿಹ್ನೆ ಬದಲಾಗ್ತದೆ ಅಂತೇವೆ, ಒಂದು ಪ್ಲಸ್ ಮೈನಸಿನ ಚಿಹ್ನೆ, ಇನ್ನೊಂದು ≤ ≥ ಚಿಹ್ನೆ, ಎರಡಕ್ಕೂ ನಾವು ಚಿಹ್ನೆ ಅಂತಲೇ ಹೇಳುದು, ಮಕ್ಕಳು ಎರಡನ್ನೂ ಬೆರೆಸಿ 4 ಆಚೆ ಹೋದ್ರೂ ≤ ಅನ್ನು ತಿರುಗಿಸ್ತಾರೆ. ನನ್ನತ್ರ ಬರುವ ಹೆಚ್ಚಿನ ಮಕ್ಕಳದ್ದು ಇದೇ ಕತೆ.

ಸುರತ್ಕಲ್ ಇಂಜಿನಿಯರಿಂಗ್

ಅಕ್ಕ ನಾನು ಒಪ್ಪುದಿಲ್ಲ. −15 ≤ ಕ್ಷ ಅಂತ ಬಂದದ್ದನ್ನು ಕ್ಷ ಎಡಕ್ಕೆ ತಂದು ಬರೆಯುವಾಗ ಮಕ್ಕಳು ಕ್ಷ ≤ −15 ಅಂತ ಬರೀತಾರೆ. ನಾನೇ ಪಿಯುಸಿಯಲ್ಲಿ ಹಾಗೆ ಬರೆದು ಮಾರ್ಕ್ ಕಳ್ಕೊಂಡವ. ಮತ್ತೆ −2 < (3 − ಕ್ಷ)/2 ≤ 4 ತರ ಮಧ್ಯದಲ್ಲಿ ಕ್ಷ ಇರುವ ಲೆಕ್ಕ ಬಂದ್ರೆ ಯಾವ ಬದಿಗೆ ಅಂತ ತಗೊಂಡು ಹೋಗುದು? ತಿರುಗಿಸ್ಲಿಕ್ಕೆ ಗೊತ್ತಿರ್ಲೇಬೇಕು.

ಕದ್ರಿ ಟ್ಯೂಷನ್ ಅಕ್ಕ

ಮಧ್ಯದಲ್ಲಿ ಇರುದಕ್ಕೆ ನೀನು ಹೇಳಿದ್ದು ಹೌದು ತಮ್ಮ, ಅದಕ್ಕೆ ಬೇಕು. ಆದ್ರೆ ರೂಲ್ ಎಲ್ಲಿಂದ ಬಂತು ಅಂತ ಒಮ್ಮೆ ಹೀಗೆ ಮಾಡಿ ತೋರಿಸಿದ್ರೆ ಮಕ್ಕಳು ಮತ್ತೆ ಮರೆಯುದಿಲ್ಲ. −ಕ್ಷ ≤ 15 ಇಂದ ಕೂಡಿಸಿ ಕಳೆದೇ −15 ≤ ಕ್ಷ ಬಂತಲ್ಲ, ತಿರುಗಿಸಿ ಬರೆದದ್ದೂ ಅದೇ. ನನ್ನ ಮಕ್ಕಳಿಗೆ −15 ≤ ಕ್ಷ ಅನ್ನು ಬಾಯಲ್ಲಿ ಕ್ಷ ಕಡೆಯಿಂದ ಓದಿಸ್ತೇನೆ: "ಕ್ಷ ದೊಡ್ಡದು, ಇಲ್ಲಾಂದ್ರೆ ಸಮ." ಓದಿದ ಮೇಲೇ ಬರೆಯುದು.

ಬ್ರಹ್ಮಾವರ ಮಾಸ್ಟ್ರು

ಇಬ್ಬರೂ ಮಕ್ಕಳನ್ನು ಕಂಡೇ ಮಾತಾಡ್ತಾ ಇದ್ದೀರಿ, ಸಂತೋಷ ಆಯ್ತು. ನಾನು ಒಂದು ಸೇರಿಸ್ತೇನೆ, ಉತ್ತರ ಸರಿಯಾ ಅಂತ ಪುಸ್ತಕದ ಹಿಂದೆ ನೋಡದೆ ಗೊತ್ತು ಮಾಡ್ಕೊಳ್ಳುದು. ಪರೀಕ್ಷೆಯಲ್ಲಿ ಪುಸ್ತಕದ ಹಿಂದಿನ ಪುಟ ಇರುದಿಲ್ಲ ನೋಡಿ. ಎರಡು ಪರೀಕ್ಷೆ ಮಾಡ್ಬೇಕು, ಒಂದು ಸಾಕಾಗುದಿಲ್ಲ.

ಮೊದಲು ಗಡಿ ಸಂಖ್ಯೆ ಹಾಕಿ ನೋಡ್ಬೇಕು, ಎರಡೂ ಬದಿ ಸಮ ಬರ್ಬೇಕು. ಅಮ್ಮ ತಿದ್ದಿದ ಮೇಲೆ ಬಂದ −11 ಹಾಕಿ: −14/4 ಅಂದ್ರೆ −3.5, ಅದರಿಂದ −21/6 ಅಂದ್ರೆ −3.5 ಕಳೆದ್ರೆ 0. ಬಲಗಡೆ 1/3. ಸಮ ಇಲ್ಲ, ಹಾಗಾದ್ರೆ ಗಡಿ ತಪ್ಪು. −15 ಹಾಕಿ: −18/4 ಅಂದ್ರೆ −9/2. ಅದರಿಂದ −29/6 ಕಳೆದ್ರೆ −27/6 + 29/6, ಅಂದ್ರೆ 2/6, ಸರಿಯಾಗಿ 1/3.

ಎರಡನೇದು ದಿಕ್ಕು. ಹೆಚ್ಚಿನ ಸಲ 0 ಹಾಕುದು ಸುಲಭ. 0 ಹಾಕಿದ್ರೆ −3/4 − 1/6 = −11/12, ಅದು 1/3ಕ್ಕಿಂತ ಕಡಿಮೆ, ಹೇಳಿಕೆ ನಿಜ. ಹಾಗಾಗಿ 0 ಉತ್ತರದ ಒಳಗೆ ಇರ್ಬೇಕು. ಮಗಳ ಕ್ಷ ≤ −11 ಒಳಗೆ 0 ಇಲ್ಲ, ದಿಕ್ಕು ತಪ್ಪು ಅಂತ ಅಲ್ಲೇ ಗೊತ್ತಾಯ್ತು. ಆದ್ರೆ ಅಮ್ಮನ ಕ್ಷ ≥ −11 ಒಳಗೆ 0 ಉಂಟು, ಹಾಗಾಗಿ ಬರೀ 0 ಹಾಕಿ ನೋಡಿದವರು ಸರಿ ಅಂತ ಮೋಸ ಹೋಗ್ತಾರೆ. ಎರಡೂ ಬೇಕು ಅಂತ ಹೇಳುದು ಅದಕ್ಕೆ.

ಫಸ್ಟ್ ಪಿಯು ಮಂಗಳೂರು

ಸರ್ ನಾನೂ ಸೇಮ್ ಪಾಠದಲ್ಲಿ ಇದ್ದೇನೆ. ಕ್ಷ/2 − 3 < ಕ್ಷ/5 ಲೆಕ್ಕಕ್ಕೆ ನಂಗೆ ಕ್ಷ < 1 ಬಂತು, ನಿಮ್ಮ ಗಡಿ ಪರೀಕ್ಷೆ ಮಾಡಿದೆ, ಸಮ ಬರ್ಲಿಲ್ಲ. ಮತ್ತೆ ನೋಡಿದ್ರೆ 10 ಗುಣಿಸುವಾಗ 3 ಹಾಗೇ ಬಿಟ್ಟಿದ್ದೆ, ಅದರ ಕೆಳಗೆ ಛೇದ ಇಲ್ಲ ಅಂತ. 5ಕ್ಷ − 30 < 2ಕ್ಷ ಮಾಡಿದ್ಮೇಲೆ ಕ್ಷ < 10 ಬಂತು, 10 ಹಾಕಿದ್ರೆ ಎರಡೂ ಬದಿ 2. ಥ್ಯಾಂಕ್ಸ್ ಸರ್.

ಇನ್ನೊಂದು ಡೌಟ್. ಕ್ರಾಸ್ ಮಲ್ಟಿಪ್ಲೈ ಮಾಡ್ಬಹುದಾ? ಸಮೀಕರಣದಲ್ಲಿ ಮಾಡ್ತಿದ್ವಿ. 6/ಕ್ಷ < 2 ಅಂತ ಇದ್ರೆ 6 < 2ಕ್ಷ, ಕ್ಷ > 3 ಅಂತ ಬರೀಬಹುದಲ್ಲ?

ಸುರತ್ಕಲ್ ಇಂಜಿನಿಯರಿಂಗ್

ಛೇದದಲ್ಲಿ ಬರೀ ಪ್ಲಸ್ ಸಂಖ್ಯೆ ಇದ್ರೆ ಆರಾಮಾಗಿ ಮಾಡು. ಛೇದದಲ್ಲಿ ಕ್ಷ ಇದ್ರೆ ಮಾಡ್ಬೇಡ. ಕ್ಷ ಪ್ಲಸ್ಸಾ ಮೈನಸ್ಸಾ ಅಂತ ನಿಂಗೆ ಗೊತ್ತಿಲ್ಲ, ಹಾಗಿರುವಾಗ ಅದರಿಂದ ಗುಣಿಸಿದ್ರೆ ತಿರುಗಿಸ್ಬೇಕಾ ಬೇಡ್ವಾ ಅಂತ ಹೇಗೆ ಹೇಳ್ತೀಯ? −1 ಹಾಕಿ ನೋಡು, 6/(−1) = −6, ಅದು 2ಕ್ಕಿಂತ ಕಡಿಮೆ, ಸರಿಯೇ ಉಂಟು. ಆದ್ರೆ ನಿನ್ನ ಕ್ಷ > 3 ಒಳಗೆ −1 ಇಲ್ಲ. ಸರಿಯಾದ ಉತ್ತರ ಕ್ಷ > 3 ಅಥವಾ ಕ್ಷ < 0. ಅರ್ಧ ಉತ್ತರವೇ ಹೋಗಿತ್ತು. ಕ್ಷ ಬದಲು ಕ್ಷ ವರ್ಗದಿಂದ ಗುಣಿಸಿದ್ರೆ ಆಗ್ತದೆ, ವರ್ಗ ಯಾವಾಗ್ಲೂ ಪ್ಲಸ್, ಕ್ಷ ಸೊನ್ನೆ ಆಗ್ಬಾರದು ಅಷ್ಟೆ. ಆದ್ರೆ ಅದು ಲೀನಿಯರ್ ಅಲ್ಲ, ಈ ಪಾಠ ಗಟ್ಟಿ ಆದ್ಮೇಲೆ ನೋಡು.

ಕದ್ರಿ ಟ್ಯೂಷನ್ ಅಕ್ಕ

ಅದರಲ್ಲೂ ಒಂದು ವಿಷಯ ಉಂಟು. ಕ್ಷ ಅಂದ್ರೆ ಜನರ ಲೆಕ್ಕವೋ ತೂಕವೋ ಆಗಿದ್ರೆ ಪ್ಲಸ್ ಅಂತ ಮೊದಲೇ ಗೊತ್ತಿರ್ತದೆ, ಆಗ ಹೆದರ್ಬೇಕಾಗಿಲ್ಲ. ನಾನು ಮಕ್ಕಳಿಗೆ ಕೊಡುವ ಲೆಕ್ಕ: ಕ್ಲಾಸಿನವರು ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುದು. ಮಲ್ಪೆವರೆಗೆ ಹೋಗಿ ಬರ್ಲಿಕ್ಕೆ ಬಸ್ಸಿಗೆ ಒಟ್ಟು 9000, ಬೋಟು ಊಟ ಎಲ್ಲ ಸೇರಿ ಒಬ್ಬರಿಗೆ 120 ಅಂತ ಇಟ್ಕೊಳ್ಳುವ. ತಲೆಗೆ 450 ಮೀರ್ಬಾರದು, ಕನಿಷ್ಠ ಎಷ್ಟು ಜನ ಬೇಕು?

(9000 + 120ಕ್ಷ)/ಕ್ಷ ≤ 450

ಕ್ಷ ಜನ, ಹಾಗಾಗಿ ಪ್ಲಸ್. ಗುಣಿಸಿದ್ರೆ 9000 + 120ಕ್ಷ ≤ 450ಕ್ಷ, 9000 ≤ 330ಕ್ಷ, ಕ್ಷ ≥ 27.27. ಇಲ್ಲಿ ಮಕ್ಕಳು 27 ಅಂತ ಬರೀತಾರೆ, ದಶಾಂಶದ ನಂತರ 5ಕ್ಕಿಂತ ಕಮ್ಮಿ ಉಂಟಲ್ಲ ಅಂತ. 27 ಜನ ಹೋದ್ರೆ ತಲೆಗೆ 453 ಚಿಲ್ಲರೆ ಬೀಳ್ತದೆ, ಮೀರಿತು. 28 ಆಗ್ಬೇಕು.

ಕಟಪಾಡಿ ಅಕ್ಕ, ನಿಮ್ಮ ಮಗಳು ಕನ್ನಡ ಮೀಡಿಯಂ ಅಂದ್ರಲ್ಲ, ವಾಕ್ಯದ ಲೆಕ್ಕದಲ್ಲಿ ಒಂದು ಜಾಗ್ರತೆ ಬೇಕು. ಇಂಗ್ಲಿಷಲ್ಲಿ ಆ್ಯಟ್ ಲೀಸ್ಟ್ ಅಂತ ಬರ್ತದೆ, ಮಕ್ಕಳು ಅದನ್ನು ಕನ್ನಡದಲ್ಲಿ ಕನಿಷ್ಠ ಅಂತ ಮನಸ್ಸಲ್ಲೇ ತಿರುಗಿಸಿ, ಕನಿಷ್ಠ ಅಂದ್ರೆ ಕಮ್ಮಿ ಅಂತ ≤ ಹಾಕ್ತಾರೆ. ಕನಿಷ್ಠ 28 ಅಂದ್ರೆ 28ಕ್ಕಿಂತ ಕಮ್ಮಿ ಆಗ್ಬಾರದು, ಅಂದ್ರೆ ≥. ಆ್ಯಟ್ ಮೋಸ್ಟ್ ಅಂದ್ರೆ ಗರಿಷ್ಠ, ಅದಕ್ಕಿಂತ ಮೇಲೆ ಹೋಗ್ಬಾರದು, ಅದಕ್ಕೆ ≤. "ಕಮ್ಮಿ ಆಗ್ಬಾರದು", "ಮೀರ್ಬಾರದು" ಅಂತ ಮೊದಲು ಕನ್ನಡದಲ್ಲೇ ಹೇಳ್ಕೊಂಡು ಮತ್ತೆ ಚಿಹ್ನೆ ಹಾಕ್ಲಿ. ಭಾಷೆ ಬದಲಾದ ಕಾರಣಕ್ಕೆ ಬುದ್ಧಿವಂತ ಮಕ್ಕಳು ನಂಗೆ ಗಣಿತ ಬರುದಿಲ್ಲ ಅಂತ ತಿಳ್ಕೊಂಡು ಕಾಮರ್ಸಿಗೆ ಹೋದದ್ದು ನಾನು ಕಂಡಿದ್ದೇನೆ, ಬೇಸರ ಆಗ್ತದೆ.

ಕಟಪಾಡಿ ಅಮ್ಮ

ಅಕ್ಕ ನೀವು ಹೇಳಿದ್ದು ನನ್ನ ಮಗಳ ಬಾಯಿಂದಲೇ ಬಂದ ಮಾತು, ಮೊನ್ನೆ ಕಾಮರ್ಸಿಗೆ ಚೇಂಜ್ ಮಾಡ್ಬಹುದಾ ಅಂತ ಕೇಳಿದ್ಲು. ಕಾಮರ್ಸ್ ಕೆಟ್ಟದ್ದು ಅಂತ ಅಲ್ಲ, ಹೆದರಿ ಹೋಗುದು ಬೇಡ ಅಂತ ನಂಗೆ.

ಈಗ ನಿಮ್ಮದೆಲ್ಲ ಓದಿ ಆಯ್ತು. ಟೆಸ್ಟಿನ ಮಾರ್ಕ್ ಇಟ್ಟು ಅವಳೇ ಒಂದು ಲೆಕ್ಕ ಕಟ್ಟಿದ್ಲು. ಎರಡು ಟೆಸ್ಟಲ್ಲಿ 62, 71. ಮೂರರ ಸರಾಸರಿ ಕನಿಷ್ಠ 70 ಆಗ್ಬೇಕು. (62 + 71 + ಕ್ಷ)/3 ≥ 70, 133 + ಕ್ಷ ≥ 210, ಕ್ಷ ≥ 77. 77 ಬೇಕಾ ಅಂತ ಮುಖ ಸಣ್ಣ ಮಾಡಿದ್ಲು, ಆದ್ರೆ ≥ ಸರಿಯಾಗಿ ಹಾಕಿದ್ಲು. ಫೋನು ಅವಳಿಗೆ ಕೊಡ್ತಾ ಇದ್ದೇನೆ, ಎಂತದ್ದೋ ಬರೀಲಿಕ್ಕುಂಟಂತೆ.

ಎಲ್ಲರಿಗೂ ಥ್ಯಾಂಕ್ಸ್, ನಾನು ಮಗಳು. ಸುರತ್ಕಲ್ ಅಣ್ಣ ಹೇಳಿದ ಮಧ್ಯದಲ್ಲಿ ಕ್ಷ ಇರುವ ಲೆಕ್ಕ ಮಾಡಿದೆ.

−2 < (3 − ಕ್ಷ)/2 ≤ 4
ಮೂರೂ ಕಡೆಗೆ 2 ಗುಣಿಸಿದೆ, 2 ಪ್ಲಸ್, ತಿರುಗಿಸ್ಲಿಲ್ಲ: −4 < (3 − ಕ್ಷ) ≤ 8
3 ಕಳೆದೆ: −7 < −ಕ್ಷ ≤ 5
−1ರಿಂದ ಗುಣಿಸಿದೆ, ಈಗ ಎರಡೂ ತಿರುಗಿತು: 7 > ಕ್ಷ ≥ −5
ಬಲದಿಂದ ಓದಿ ಬರೆದದ್ದು: −5 ≤ ಕ್ಷ < 7

ಗಡಿ ನೋಡಿದೆ. −5 ಹಾಕಿದ್ರೆ 8/2 = 4, ಸರಿ. 7 ಹಾಕಿದ್ರೆ −4/2 = −2, ಅದೂ ಸಮ ಬಂತು. 0 ಹಾಕಿದ್ರೆ 1.5, ಮಧ್ಯದಲ್ಲೇ ಉಂಟು. ಆದ್ರೆ ಸಂಖ್ಯಾರೇಖೆಯಲ್ಲಿ 7ಕ್ಕೂ −5ಕ್ಕೂ ಒಂದೇ ತರ ಚುಕ್ಕಿ ಹಾಕುದಾ ಸರ್?

ಬ್ರಹ್ಮಾವರ ಮಾಸ್ಟ್ರು

ಇಲ್ಲ ಮಗೂ. −5ರಲ್ಲಿ ≤ ಉಂಟು, ಸಮ ಆದ್ರೂ ನಡೀತದೆ, ಅಲ್ಲಿ ತುಂಬಿದ ಚುಕ್ಕಿ. 7ರಲ್ಲಿ ಬರೀ <, 7 ಉತ್ತರದಲ್ಲಿ ಸೇರುದಿಲ್ಲ, ಅಲ್ಲಿ ಖಾಲಿ ವೃತ್ತ. ಮಧ್ಯದ ಗೆರೆ ದಪ್ಪ ಮಾಡು.

ನೀನು 3 − ಕ್ಷಕ್ಕೆ ಬ್ರಾಕೆಟ್ ಹಾಕಿದ್ದು ನೋಡಿದೆ. ಇಲ್ಲಿ ಅದು ಇಲ್ಲದಿದ್ರೂ ನಡೀತಿತ್ತು, ಆದ್ರೂ ಹಾಕಿದ್ದೀ, ಹಾಗೇ ಇರ್ಲಿ. ನಾಳೆ ಇದನ್ನು ಮಾಡಿ ಕಳಿಸು: (2ಕ್ಷ − 5)/3 − (ಕ್ಷ − 4)/2 > 1.

ಕಟಪಾಡಿ ಅಮ್ಮ

ನಾಳೆವರೆಗೆ ನಿಲ್ಲುದಿಲ್ಲಂತೆ ಸರ್, ಈಗ್ಲೇ ಮಾಡಿದ್ದಾಳೆ, ಅವಳು ಹೇಳಿದ ಹಾಗೇ ಟೈಪ್ ಮಾಡ್ತೇನೆ. 2(2ಕ್ಷ − 5) − 3(ಕ್ಷ − 4) > 6. 4ಕ್ಷ − 10 − 3ಕ್ಷ + 12 > 6. ಕ್ಷ + 2 > 6. ಕ್ಷ > 4. ತಿರುಗಿಸುದು ಎಲ್ಲಿಯೂ ಬರ್ಲಿಲ್ಲ ಅಂತ ಹೇಳ್ತಾಳೆ. 4 ಹಾಕಿದ್ರೆ 1 ಬಂತು, 10 ಹಾಕಿದ್ರೆ 5 − 3 = 2, ಒಂದಕ್ಕಿಂತ ದೊಡ್ಡದು. ಖಾಲಿ ವೃತ್ತ, ಬಲಕ್ಕೆ ಬಾಣ.